ಮೊದಲು ನೀರು, ಆಮೇಲೆ ಗಾಡಿ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳ ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದ ಕಚೇರಿ ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ, ಮೇ ಮುಗಿಯುವವರೆಗೂ ಇದೇ ಪದ್ಧತಿ. ಈ ಸೀಮೆಯ ಬಿಸಿಲಲ್ಲಿ ಮನುಷ್ಯ ಹೊತ್ತು ಮುಳುಗುವವರೆಗೆ ದುಡಿಯಲಾರ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡ ವ್ಯವಸ್ಥೆ ಇದು. ಆದರೆ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವರಿಗೆ ಸಿಕ್ಕ ರಿಯಾಯಿತಿ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳನ್ನು ಮುಟ್ಟುವುದಿಲ್ಲ. ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕೆಲಸ ಜೋರಾಗುವುದೂ, ಹಣ್ಣು ಮುಗಿದ ಬಳ್ಳಿ ಕತ್ತರಿಸುವ ಚಾಟ್ನಿ ಹಿಡಿಯುವುದೂ ಇದೇ ಬಿಸಿಲಲ್ಲಿ. ಔಷಧಿ ಸಿಂಪಡಿಸುವವರು ಮೈತುಂಬ ಬಟ್ಟೆ ಸುತ್ತಿಕೊಂಡು ಸಾಲಿನಿಂದ ಸಾಲಿಗೆ ನಡೆಯುತ್ತಾರೆ. ಊರ ಜಾತ್ರೆಗಳಲ್ಲಿ ಹುಡುಗರು ಸಂಗ್ರಾಣಿ ಕಲ್ಲು ಎತ್ತುತ್ತಾರೆ. ಯುಗಾದಿಗೆ ಮುನ್ನ ಸಾವಿರಾರು ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆಯಿದು. ಹುಡುಗ ಹುಡುಗಿಯರು ಹೆದ್ದಾರಿಯಲ್ಲಿ ಹತ್ತಾರು ಕಿಲೋಮೀಟರ್ ಪೆಡಲ್ ತುಳಿಯುತ್ತಾರೆ. ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ ತಯಾರಾಗುವವರಂತೂ ಪ್ರತಿ ಊರಲ್ಲೂ ಇದ್ದಾರೆ. ಇವರಲ್ಲಿ ಯಾರಾದರೂ ಕುಸಿದು ಬಿದ್ದಾಗ ಸುತ್ತಲಿನವರು ಮೊದಲ ಹತ್ತು ನಿಮಿಷದಲ್ಲಿ ಏನು ಮಾಡುತ್ತಾರೆ ಎಂಬುದರ ಮೇಲೆ ಬಹುಮಟ್ಟಿಗೆ ಅವರ ಜೀವ ನಿಂತಿದೆ. ಆ ಹತ್ತು ನಿಮಿಷದ ಬಗ್ಗೆ ನಮ್ಮಲ್ಲಿ ಬೇರೂರಿರುವ ತಿಳಿವಳಿಕೆ ತಪ್ಪು ಎಂಬುದೇ ಈ ಲೇಖನದ ವಾದ. ಎತ್ತಿ ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡುವುದು ಎರಡನೆಯ ಕೆಲಸ. ಬಿದ್ದ ಜಾಗದಲ್ಲೇ ಇಡೀ ಮೈಯನ್ನು ನೀರಿನಿಂದ ತಣಿಸುವುದು ಮೊದಲನೆಯದು.

ಹೀಗೆ ಕೆಡವುವ ಶಾಖಾಘಾತದಲ್ಲಿ ಎರಡು ಬಗೆ. ತಗಡಿನ ಮನೆಯೊಳಗೆ ದಿನಗಟ್ಟಲೆ ಝಳದಲ್ಲಿ ಬೆಂದ ವಯಸ್ಸಾದವರಿಗೆ ನಿಧಾನವಾಗಿ ಬರುವುದು ಒಂದು. ದುಡಿಯುವ, ಓಡುವ, ಭಾರ ಎತ್ತುವ ಗಟ್ಟಿಮುಟ್ಟು ಆಳಿಗೆ ತಾಸೆರಡು ತಾಸಿನಲ್ಲಿ ಬಡಿಯುವುದು ಇನ್ನೊಂದು. ಈ ಎರಡನೆಯದರಲ್ಲಿ ಬೆಂಕಿ ಹೊರಗಿನದಷ್ಟೇ ಅಲ್ಲ. ನಮ್ಮ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೊರಬೀಳುತ್ತದೆ. ಜೋರಾಗಿ ಓಡುವವನ ಮೈ ಸುಮ್ಮನೆ ಕೂತವನಿಗಿಂತ ಹತ್ತು ಹದಿನೈದು ಪಟ್ಟು ಶಾಖ ಹುಟ್ಟಿಸಬಲ್ಲದು. ಬೆವರು ಆ ಶಾಖವನ್ನು ಹೊರಹಾಕುವ ವೇಗ ಸಾಲದೇ ಹೋದಾಗ ಮೈಯೊಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮಿದುಳು ತಪ್ಪತೊಡಗುತ್ತದೆ. ಮಾತು ತೊದಲುವುದು, ಸಂಬಂಧವಿಲ್ಲದ ಉತ್ತರ ಕೊಡುವುದು, ಕಾರಣವಿಲ್ಲದೆ ಸಿಟ್ಟಿಗೇಳುವುದು, ಕುಡಿದವರಂತೆ ತೂರಾಡುವುದು, ಬೀಳುವುದು, ಸೆಳೆತ ಬರುವುದು ಇದರ ಗುರುತುಗಳು. ಬೆವರು ನಿಂತು ಚರ್ಮ ಒಣಗಿದ್ದರೆ ಮಾತ್ರ ಶಾಖಾಘಾತ ಎಂಬ ಹಳೆಯ ಪಾಠ ಇಲ್ಲಿ ಅಪಾಯಕಾರಿ. ದುಡಿಯುತ್ತ ಬಿದ್ದವನ ಮೈ ಬೆವರಿನಿಂದ ತೊಯ್ದು ತೊಪ್ಪೆಯಾಗಿರಬಹುದು. ಹಣೆ ಮುಟ್ಟಿದರೆ ತಣ್ಣಗೂ ಅನ್ನಿಸಬಹುದು. ಒಳಗೆ ಮಾತ್ರ 41, 42 ಡಿಗ್ರಿ ಇರುತ್ತದೆ. ಕಂಕುಳಿನ ಥರ್ಮಾಮೀಟರ್, ಹಣೆಗೆ ಹಿಡಿಯುವ ಗನ್ ಎರಡೂ ಈ ಹೊತ್ತಿನಲ್ಲಿ ಸುಳ್ಳು ಹೇಳುತ್ತವೆ. ನಂಬಬೇಕಾದದ್ದು ಗುದದ್ವಾರದಲ್ಲಿ ಅಳೆದ ತಾಪವನ್ನು. ಅದು ಹೊಲದಲ್ಲಿ ಆಗುವ ಮಾತಲ್ಲವಾದ್ದರಿಂದ ಸಾಮಾನ್ಯರಿಗೆ ಒಂದೇ ಲೆಕ್ಕ: ಬಿಸಿಲಲ್ಲಿ ಮೈಮುರಿದು ದುಡಿಯುತ್ತಿದ್ದವನು ಬಿದ್ದ, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದರೆ ಶಾಖಾಘಾತವೆಂದೇ ತಿಳಿದು ಕೈಹಾಕಬೇಕು.

ಅವಸರ ಯಾಕೆಂದರೆ ಈ ತಾಪದಲ್ಲಿ ಹಾನಿ ಆಗುವುದು ಎಷ್ಟು ಡಿಗ್ರಿ ಏರಿತು ಎಂಬುದರಿಂದ ಮಾತ್ರ ಅಲ್ಲ, ಎಷ್ಟು ಹೊತ್ತು ಏರಿಯೇ ಇತ್ತು ಎಂಬುದರಿಂದ. ಕರುಳಿನ ಗೋಡೆ ಸೋರಿ ಅಲ್ಲಿನ ವಿಷ ರಕ್ತಕ್ಕೆ ಸೇರುತ್ತದೆ. ಸ್ನಾಯುಗಳು ಕರಗಿ ಮೂತ್ರಪಿಂಡವನ್ನು ಕಟ್ಟುತ್ತವೆ. ಪಿತ್ತಜನಕಾಂಗ ಸೋಲುತ್ತದೆ, ರಕ್ತ ಹೆಪ್ಪುಗಟ್ಟುವ ಕ್ರಮವೇ ಕೆಡುತ್ತದೆ. ಕುಸಿದ ಅರ್ಧ ತಾಸಿನೊಳಗೆ ತಾಪವನ್ನು 39ರ ಹತ್ತಿರಕ್ಕೆ ಇಳಿಸಿದರೆ ಇವನ್ನೆಲ್ಲ ಬಹುತೇಕ ತಪ್ಪಿಸಬಹುದು ಎಂಬುದು ಕ್ರೀಡಾ ವೈದ್ಯರು ದಶಕಗಳ ಅನುಭವದಿಂದ ಕಂಡುಕೊಂಡ ಸತ್ಯ. ಈಗ ನಮ್ಮ ದಾರಿಯ ಲೆಕ್ಕ ಹಾಕಿ. ತಿಕೋಟಾದಿಂದಾಗಲಿ ಬಬಲೇಶ್ವರದಿಂದಾಗಲಿ ವಿಜಯಪುರ ನಗರಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್. ತೋಟದ ವಸತಿಯಿಂದ ಡಾಂಬರು ರಸ್ತೆಗೆ ಬರುವುದು ಬೇರೆ. 108ಕ್ಕೆ ಫೋನ್ ಹಚ್ಚಿ, ಆಂಬುಲೆನ್ಸ್ ಬಂದು, ಅಲ್ಲಿಂದ ನಗರಕ್ಕೆ ಹೋಗಿ, ಚೀಟಿ ಮಾಡಿಸಿ, ಹಾಸಿಗೆ ಸಿಕ್ಕು, ವೈದ್ಯರು ಮುಟ್ಟುವ ಹೊತ್ತಿಗೆ ಅರ್ಧ ತಾಸು ಎಂದೋ ಕಳೆದಿರುತ್ತದೆ. ಜಿಲ್ಲಾಸ್ಪತ್ರೆಯೂ ಎರಡು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇರುವ ನಗರ ನಮ್ಮದು. ಆದರೆ ಅವೆಷ್ಟೇ ಚೆನ್ನಾಗಿದ್ದರೂ ದಾರಿಯಲ್ಲಿ ಬೆಂದುಹೋದ ಅಂಗಗಳನ್ನು ಹಿಂದಿರುಗಿಸಿ ಕೊಡಲಾರವು. ಕಾದ ಗಾಡಿಯ ಹಿಂದಿನ ಸೀಟಿನಲ್ಲಿ ನಾಲ್ಕು ಜನರ ನಡುವೆ ಒರಗಿಸಿಕೊಂಡು ಹೋಗುವ ಆ ಪಯಣದಲ್ಲಿ ರೋಗಿಯ ತಾಪ ಇಳಿಯುವುದಿಲ್ಲ.

ಬಿದ್ದಲ್ಲೇ ತಣಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿ ಗಟ್ಟಿಯಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ಮತ್ ಎಂಬ ಊರಲ್ಲಿ ಪ್ರತಿ ಆಗಸ್ಟ್‌ನಲ್ಲಿ ಏಳು ಮೈಲಿಯ ಓಟ ನಡೆಯುತ್ತದೆ. ಅಲ್ಲಿ ಗುರಿಮುಟ್ಟುವ ಗೆರೆಯ ಪಕ್ಕದಲ್ಲೇ ಬರ್ಫದ ನೀರು ತುಂಬಿದ ತೊಟ್ಟಿಗಳನ್ನು ಇಟ್ಟಿರುತ್ತಾರೆ. 18 ವರ್ಷಗಳ ದಾಖಲೆಯಲ್ಲಿ 274 ಜನರಿಗೆ ಶಾಖಾಘಾತವಾಗಿತ್ತು. ಅವರ ಸರಾಸರಿ ಒಳತಾಪ 41 ಡಿಗ್ರಿಗಿಂತ ಮೇಲಿತ್ತು. ಸತ್ತವರು ಒಬ್ಬರೂ ಇಲ್ಲ. ಹೆಚ್ಚಿನವರು ಆಸ್ಪತ್ರೆಗೂ ಹೋಗದೆ ಅಲ್ಲಿಂದಲೇ ಮನೆಗೆ ನಡೆದರು. ಅಮೆರಿಕದ ನೌಕಾ ಪದಾತಿ ದಳದ ತರಬೇತಿ ಶಿಬಿರದಿಂದ 1990ರಲ್ಲಿ ಪ್ರಕಟವಾದ ವರದಿಯಲ್ಲೂ ಇದೇ ಫಲ: ಬರ್ಫದ ನೀರಿನಲ್ಲಿ ತಣಿಸಿದ 252 ಪ್ರಕರಣಗಳಲ್ಲಿ ಸಾವಿಲ್ಲ. ಕಾರಣ ಸರಳ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಎಳೆದುಕೊಳ್ಳುತ್ತದೆ. ಕಾದ ಕುಡಗೋಲನ್ನು ಕಮ್ಮಾರ ಗಾಳಿಗೆ ಹಿಡಿದು ಕಾಯುತ್ತ ಕೂರುವುದಿಲ್ಲ, ಬಾನಿಯ ನೀರಿಗೆ ಅದ್ದುತ್ತಾನೆ. ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸಿದ ಮೈಯ ತಾಪ ನಿಮಿಷಕ್ಕೆ ಸುಮಾರು 0.2 ಡಿಗ್ರಿಯಂತೆ ಇಳಿಯುತ್ತದೆ. ಅಂದರೆ ಹದಿನೈದು ನಿಮಿಷಕ್ಕೆ ಮೂರು ಡಿಗ್ರಿ. ನೆರಳಲ್ಲಿ ಮಲಗಿಸಿ ಟವೆಲ್ ಬೀಸುವುದರಿಂದ, ಕಂಕುಳಲ್ಲಿ ಒಂದೆರಡು ಬರ್ಫದ ಚೀಲ ಇಡುವುದರಿಂದ ಆ ವೇಗದ ಹತ್ತಿರವೂ ಬರಲಾಗುವುದಿಲ್ಲ.

ಓದುಗರು ಇಲ್ಲಿ ಕೇಳಬೇಕಾದ ಪ್ರಶ್ನೆ ನ್ಯಾಯವಾದದ್ದೇ: ತಿಕೋಟಾದ ತೋಟದಲ್ಲಿ ಬರ್ಫದ ತೊಟ್ಟಿ ಎಲ್ಲಿಂದ ಬರಬೇಕು? ಸ್ವಲ್ಪ ಗಣಿತ ಮಾಡೋಣ. ಅರವತ್ತು ಕಿಲೋ ತೂಕದ ಮೈಯನ್ನು ಒಂದು ಡಿಗ್ರಿ ತಣಿಸಲು ಸುಮಾರು 50 ಕಿಲೋಕ್ಯಾಲರಿ ಶಾಖ ತೆಗೆಯಬೇಕು. ಮೂರು ಡಿಗ್ರಿಗೆ 150. ಇಷ್ಟು ಶಾಖವನ್ನು ನೂರು ಲೀಟರ್ ನೀರು ಹೀರಿಕೊಂಡರೆ ಆ ನೀರು ಬೆಚ್ಚಗಾಗುವುದು ಬರೀ ಒಂದೂವರೆ ಡಿಗ್ರಿ. ಅಂದರೆ ಶಾಖ ಹಿಡಿಸಿಕೊಳ್ಳಲು ಜಾಗದ ಕೊರತೆ ಇಲ್ಲ, ವೇಗದ ಪ್ರಶ್ನೆ ಮಾತ್ರ ಉಳಿಯುತ್ತದೆ. ನೀರು ತಣ್ಣಗಿದ್ದಷ್ಟೂ ವೇಗ ಹೆಚ್ಚು, ನಿಜ. ಆದರೆ ಬರ್ಫ ಸಿಗದಿದ್ದರೆ ಕೈಚೆಲ್ಲಬೇಕಿಲ್ಲ. ಆಸ್ಟ್ರೇಲಿಯಾದ ವುಲಂಗಾಂಗ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಆರೋಗ್ಯವಂತ ಗಂಡಸರ ಒಳತಾಪವನ್ನು 39.5 ಡಿಗ್ರಿಗೆ ಏರಿಸಿ, ಬೇರೆ ಬೇರೆ ರೀತಿಯಲ್ಲಿ 37.5ಕ್ಕೆ ಇಳಿಸಿ ನೋಡಿದರು. ಅನ್ನನಾಳದಲ್ಲಿ ಅಳೆದ ಈ ತಾಪ ಗಾಳಿಯಲ್ಲಿ ಇಳಿಯಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕಾಯಿತು. 14 ಡಿಗ್ರಿಯ ನೀರಿನಲ್ಲಿ ಎರಡು ನಿಮಿಷ ಚಿಲ್ಲರೆ, 26 ಡಿಗ್ರಿಯ ನೀರಿನಲ್ಲಿ ಮೂರು ನಿಮಿಷದೊಳಗೆ. ಅವರು ರೋಗಿಗಳಲ್ಲ, ಅಷ್ಟು ಕಾದವರೂ ಅಲ್ಲ ಎಂಬುದನ್ನು ನೆನಪಿಟ್ಟೇ ಈ ಅಂಕಿಯನ್ನು ಓದಬೇಕು. ಆದರೂ 2020ರ ಅಂತರರಾಷ್ಟ್ರೀಯ ಪ್ರಥಮ ಚಿಕಿತ್ಸಾ ಶಿಫಾರಸು 1ರಿಂದ 26 ಡಿಗ್ರಿವರೆಗಿನ ಯಾವುದೇ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ, ತಾಪ 39ಕ್ಕಿಂತ ಕೆಳಗೆ ಬರುವವರೆಗೆ ಇಡಿ ಎನ್ನುತ್ತದೆ. ಆಗತಾನೆ ಎತ್ತಿದ ಕೊಳವೆಬಾವಿಯ ನೀರು ಕಾದ ಮೈಗಿಂತ ಹತ್ತು ಡಿಗ್ರಿಗೂ ಹೆಚ್ಚು ತಣ್ಣಗಿರುತ್ತದೆ. ಅದಕ್ಕೆ ಮದುವೆ ಮನೆಯಿಂದಲೋ ಸೋಡಾ ಅಂಗಡಿಯಿಂದಲೋ ಬರ್ಫ ಸಿಕ್ಕರೆ ಇನ್ನೂ ಒಳ್ಳೆಯದು. ನೂರು ಲೀಟರ್ ನೀರನ್ನು 28ರಿಂದ 15 ಡಿಗ್ರಿಗೆ ಇಳಿಸಲು ಸುಮಾರು 14 ಕಿಲೋ ಬರ್ಫ ಸಾಕು. ಮಾಳಿಗೆಯ ಮೇಲಿನ ಕರಿ ಟಾಕಿಯ ನೀರನ್ನು ಮಾತ್ರ ಮಧ್ಯಾಹ್ನ ನಂಬಬೇಡಿ, ಅದು ಕೈಸುಡುವಷ್ಟು ಕಾದಿರುತ್ತದೆ. ಪೈಪಿನಲ್ಲಿ ನಿಂತ ಬಿಸಿನೀರನ್ನೂ ಮೊದಲು ಹರಿದುಹೋಗಲು ಬಿಡಿ.

ಇನ್ನು ತೊಟ್ಟಿಯ ಮಾತು. ನಮ್ಮ ರೈತರ ಮನೆಯಲ್ಲಿ ತಾಡಪತ್ರಿ ಇಲ್ಲದಿರುವುದು ಅಪರೂಪ. ಜೋಳ ಒಣಗಿಸಲು, ದ್ರಾಕ್ಷಿ ಹರಡಲು, ಮಳೆ ಬಂದರೆ ಕಣಕ್ಕೆ ಹೊದಿಸಲು ಅದು ಬೇಕೇ ಬೇಕು. ಅದೇ ತಾಡಪತ್ರಿಯಲ್ಲಿ ರೋಗಿಯನ್ನು ಮಲಗಿಸಿ, ನಾಲ್ಕಾರು ಜನ ಸುತ್ತಲೂ ಅಂಚು ಎತ್ತಿ ಹಿಡಿದು, ಒಳಗೆ ನೂರು ನೂರೈವತ್ತು ಲೀಟರ್ ತಣ್ಣೀರು ಸುರಿದು ತುಳುಕಿಸುತ್ತಿದ್ದರೆ ಅದೇ ತೊಟ್ಟಿ. ಇದು ಬಡವರ ಉಪಾಯವೆಂದು ತಳ್ಳಿಹಾಕಬೇಡಿ. ಕ್ರೀಡಾ ವಿಜ್ಞಾನಿಗಳೇ ಬರ್ಫ ಬೆರೆಸಿದ ನೀರಿನಲ್ಲಿ ಇದನ್ನು ಪರೀಕ್ಷಿಸಿ ನಿಮಿಷಕ್ಕೆ 0.14ರಿಂದ 0.17 ಡಿಗ್ರಿ ಇಳಿಯುವುದನ್ನು ಕಂಡಿದ್ದಾರೆ. ದನಗಳಿಗೆ ನೀರು ಕುಡಿಸುವ ಬಾನಿ, ಔಷಧಿ ಬೆರೆಸದ ದೊಡ್ಡ ಪ್ಲಾಸ್ಟಿಕ್ ಟಬ್ಬು ಇದ್ದರೆ ಅವೂ ಆದಾವು. ಕೃಷಿ ಹೊಂಡಕ್ಕೂ ಬಾವಿಗೂ ಮಾತ್ರ ಇಳಿಸಲೇಕೂಡದು. ಎಚ್ಚರವಿಲ್ಲದವನು ಮುಳುಗುತ್ತಾನೆ, ಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿ ಕಾಪಾಡಲು ಇಳಿದವನೂ ಮುಳುಗುತ್ತಾನೆ. ಏನೂ ಇಲ್ಲದ ಕಡೆ ಪೈಪು ಹಿಡಿದು ತಲೆಯಿಂದ ಪಾದದವರೆಗೆ ಬಿಡದೆ ನೀರು ಹರಿಸಿ, ಜೊತೆಗೆ ಜೋರಾಗಿ ಗಾಳಿ ಬೀಸಬೇಕು. ಇಲ್ಲಿ ನಮ್ಮ ಸೀಮೆಗೆ ಮಂಗಳೂರಿಗಿಲ್ಲದ ಒಂದು ಅನುಕೂಲವಿದೆ. ಬಯಲುಸೀಮೆಯ ಬೇಸಿಗೆ ಒಣಗಾಳಿಯದು. ಒಂದು ಲೀಟರ್ ನೀರು ಚರ್ಮದಿಂದ ಆವಿಯಾದರೆ 580 ಕಿಲೋಕ್ಯಾಲರಿ ಒಯ್ಯುತ್ತದೆ. ಮೇಲೆ ಹೇಳಿದ ಮೂರು ಡಿಗ್ರಿಗೆ ಕಾಲು ಲೀಟರ್ ಆವಿಯಾದರೆ ಲೆಕ್ಕ ಮುಗಿಯಿತು. ಹಜ್ ಯಾತ್ರಿಕರಿಗಾಗಿ ಮೆಕ್ಕಾದಲ್ಲಿ 1980ರ ಸುಮಾರಿಗೆ ಬಳಕೆಗೆ ತಂದ ತಣಿಸುವ ಮಂಚ ಇದೇ ತತ್ವದ್ದು: ಮೈಮೇಲೆ ಸಣ್ಣ ಹನಿಗಳ ನೀರು, ಜೊತೆಗೆ ಗಾಳಿ. ಮುಳುಗಿಸುವುದಕ್ಕಿಂತ ಇದು ನಿಧಾನವಾದರೂ ಬರೀ ಕಾಯುವುದಕ್ಕಿಂತ ಎಷ್ಟೋ ಮೇಲು. ನೀರಿಲ್ಲದೆ ಬರೀ ಫ್ಯಾನ್ ಹಚ್ಚುವುದು ಬೇಡ. 42 ಡಿಗ್ರಿಯ ಗಾಳಿ ಒಣಮೈಗೆ ಶಾಖ ಸೇರಿಸುತ್ತದೆ.

ಕೆಲಸದ ಕ್ರಮ ಹೀಗಿರಲಿ. ಒಬ್ಬರು 108ಕ್ಕೆ ಫೋನ್ ಮಾಡುತ್ತಿರುವಾಗಲೇ ಉಳಿದವರು ರೋಗಿಯನ್ನು ನೆರಳಿಗೆ ಒಯ್ದು, ಉಸಿರಾಟ ನೋಡಿ, ಚಪ್ಪಲಿ, ಬೆಲ್ಟು, ದಪ್ಪ ಬಟ್ಟೆ ತೆಗೆಯಬೇಕು. ಉಸಿರಿಲ್ಲದಿದ್ದರೆ ಎದೆ ಒತ್ತುವ ಕೆಲಸವೇ ಮೊದಲು. ಬಟ್ಟೆ ಪೂರ್ತಿ ಬಿಚ್ಚಲು ಹೊತ್ತಾಗುವುದಾದರೆ ಬಿಚ್ಚದೆಯೇ ನೀರಿಗಿಳಿಸಿ. ಹೆಣ್ಣುಮಕ್ಕಳ ವಿಷಯದಲ್ಲಿ ಸಂಕೋಚದಿಂದ ತಡವಾಗಬಾರದು. ಸೀರೆ, ಚೂಡಿದಾರದ ಮೇಲೆಯೇ ನೀರು ಸುರಿಯಬಹುದು. ಒಬ್ಬರು ತಲೆಯ ಹಿಂದೆ ಕೂತು ಮುಖ ನೀರಿನ ಮೇಲಿರುವಂತೆ ಹಿಡಿಯುವುದನ್ನು ಬಿಟ್ಟು ಬೇರೇನೂ ಮಾಡಕೂಡದು. ತಲೆಗೆ ತೊಯ್ಸಿದ ಟವೆಲ್ ಸುತ್ತಿ ಆಗಾಗ ಬದಲಿಸಬೇಕು. ಥರ್ಮಾಮೀಟರ್ ಇಲ್ಲದವರು ಹತ್ತರಿಂದ ಹದಿನೈದು ನಿಮಿಷ ಮುಳುಗಿಸಿಡಬೇಕೆಂದು ತಿಳಿದವರು ಹೇಳುತ್ತಾರೆ. ಬರ್ಫವಿಲ್ಲದ ನೀರಾದರೆ ಇನ್ನಷ್ಟು ಹೊತ್ತು ಹಿಡಿದೀತು. ಮಾತು ಸರಿಹೋಗಿ, ಹೆಸರು ಊರು ಸರಿಯಾಗಿ ಹೇಳಿ, ನಡುಕ ಬಂದರೆ ಹೊರತೆಗೆದು, ಮೈ ಒರೆಸಿ, ಆಗ ಗಾಡಿ ಹತ್ತಿಸಬೇಕು. ಎದ್ದು ಕೂತನೆಂದು ಆಸ್ಪತ್ರೆ ಬಿಡುವಂತಿಲ್ಲ. ಮೂತ್ರಪಿಂಡ, ಪಿತ್ತಜನಕಾಂಗದ ತೊಂದರೆ ಮರುದಿನವೂ ತಲೆಯೆತ್ತಬಹುದು, ರಕ್ತಪರೀಕ್ಷೆ ಆಗಲೇಬೇಕು.

ಈ ವಾದಕ್ಕೆ ವೈದ್ಯರ ಕಡೆಯಿಂದಲೇ ಬಂದ ಹಳೆಯ ಆಕ್ಷೇಪವೊಂದಿದೆ. ತಣ್ಣೀರು ತಾಗಿದ ಕೂಡಲೇ ಚರ್ಮದ ರಕ್ತನಾಳಗಳು ಸಂಕುಚಿಸುತ್ತವೆ, ನಡುಕ ಹುಟ್ಟಿ ಇನ್ನಷ್ಟು ಶಾಖ ಬರುತ್ತದೆ, ಒಳತಾಪ ಇಳಿಯುವ ಬದಲು ಏರುತ್ತದೆ ಎಂಬುದು ಅದರ ತಿರುಳು. ಕೇಳಲು ಸರಿಯೆನಿಸುವ ಈ ತರ್ಕ ಹಲವು ವರ್ಷ ಪಠ್ಯಗಳಲ್ಲಿ ಉಳಿದಿತ್ತು. ಆದರೆ ಅಳೆದು ನೋಡಿದಾಗ ಹಾಗಾಗುವುದಿಲ್ಲ. ನಾಳಗಳು ಬಿಗಿದರೂ ಮೈಗೂ ನೀರಿಗೂ ನಡುವಿನ ತಾಪದ ಅಂತರ ಎಷ್ಟು ದೊಡ್ಡದೆಂದರೆ ಶಾಖ ಹೊರಗೆ ಹರಿದೇ ಹರಿಯುತ್ತದೆ. ಅತಿಯಾಗಿ ಕಾದ ಮೈಗೆ ನಡುಕ ಬರುವುದೂ ತಡವಾಗಿಯೇ. ಎದೆ ನಿಂತುಬಿಟ್ಟರೆ ಎಂಬ ಭಯಕ್ಕೆ ಫಾಲ್ಮತ್‌ನ 274 ಜನರೂ ಸೈನ್ಯದ 252 ಜನರೂ ಉತ್ತರ. ಅವರಲ್ಲಿ ಬಹಳಷ್ಟು ಜನ ವಯಸ್ಸಿನಲ್ಲಿ ಸಣ್ಣವರು, ದೇಹದಾರ್ಢ್ಯವುಳ್ಳವರು ಎಂಬುದನ್ನು ಒಪ್ಪಲೇಬೇಕು. ಅದಕ್ಕೇ ಎಪ್ಪತ್ತು ದಾಟಿದ, ಹೃದಯರೋಗವಿರುವ ಅಜ್ಜ ಮನೆಯೊಳಗೆ ಝಳಕ್ಕೆ ಸೋತು ಬಿದ್ದಾಗ ಬರ್ಫದ ನೀರಿಗಿಳಿಸಿ ಎಂದು ನಾನು ಹೇಳುತ್ತಿಲ್ಲ. ಅಂಥವರಿಗೆ ಸಾಮಾನ್ಯ ನೀರು ಸುರಿದು ಗಾಳಿ ಹಾಕುವ ದಾರಿಯೇ ಹೆಚ್ಚು ಸುರಕ್ಷಿತ. ಆದರೆ ದುಡಿಯುತ್ತ, ಓಡುತ್ತ ಬಿದ್ದ ಹರೆಯದವರ ವಿಷಯದಲ್ಲಿ ತಣಿಸುವುದರ ಅಪಾಯಕ್ಕಿಂತ ತಣಿಸದಿರುವುದರ ಅಪಾಯವೇ ಎಷ್ಟೋ ಪಟ್ಟು ದೊಡ್ಡದು.

ಊರಿನ ಕಡೆಯಿಂದ ಬರುವ ಆಕ್ಷೇಪ ಬೇರೆ ಥರದ್ದು. ನಾವು ಸುಮ್ಮನೆ ಕೂರುವವರಲ್ಲ, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತೇವೆ, ಅಂಗಾಲಿಗೆ ತಿಕ್ಕುತ್ತೇವೆ, ಸೆಳೆತ ಬಂದರೆ ಕೈಗೆ ಕಬ್ಬಿಣ ಕೊಡುತ್ತೇವೆ, ಮಜ್ಜಿಗೆ ಕುಡಿಸುತ್ತೇವೆ ಎನ್ನುತ್ತಾರೆ. ಬಿಸಿಲಿಗೆ ಹೋಗುವ ಮುನ್ನ ಮಜ್ಜಿಗೆ, ಅಂಬಲಿ ಕುಡಿಯುವುದು ಹಿರಿಯರು ಕಲಿಸಿದ ಒಳ್ಳೆಯ ರೂಢಿ, ಅದನ್ನು ಬಿಡಬಾರದು. ಬಿದ್ದ ಮೇಲೆ ಮಾತ್ರ ಅದರ ಪಾತ್ರ ಮುಗಿಯುತ್ತದೆ. ಎಚ್ಚರ ತಪ್ಪಿದವನ ಬಾಯಿಗೆ ಸುರಿದ ಮಜ್ಜಿಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಳ್ಳಾಗಡ್ಡಿಯೂ ಕಬ್ಬಿಣವೂ ಮೈಯ ತಾಪವನ್ನು ಇಳಿಸುವುದಿಲ್ಲ. ಅವುಗಳ ನಿಜವಾದ ಕೆಡುಕೆಂದರೆ ಅವು ನುಂಗುವ ಐದು ಹತ್ತು ನಿಮಿಷ. ಜ್ವರದ ಗುಳಿಗೆಯೂ ಹಾಗೆಯೇ. ಜ್ವರದಲ್ಲಿ ಮಿದುಳು ತಾನೇ ತಾಪದ ಮಟ್ಟ ಏರಿಸಿಕೊಂಡಿರುತ್ತದೆ, ಗುಳಿಗೆ ಆ ಮಟ್ಟವನ್ನು ಇಳಿಸುತ್ತದೆ. ಶಾಖಾಘಾತದಲ್ಲಿ ಅಂಥ ಏರಿಕೆಯೇ ಇಲ್ಲ, ಹಾಗಾಗಿ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ಮೊದಲೇ ಬಳಲಿದ ಪಿತ್ತಜನಕಾಂಗಕ್ಕೆ ಹೊರೆಯಾಗುತ್ತದೆ. ಸಲಾಯಿನ್ ಹಚ್ಚಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿ ಬಲವಾಗಿದೆ. ನೀರಿನಂಶ ಕಳೆದುಕೊಂಡವನಿಗೆ ಅದು ಬೇಕಾಗಬಹುದು, ಆದರೆ ತಣಿಸುವ ಕೆಲಸಕ್ಕೆ ಅದು ಬದಲಿಯಲ್ಲ. ನೀರಿಗೇ ಬರವಿರುವ ಜಿಲ್ಲೆಯಲ್ಲಿ ನೂರು ಲೀಟರ್ ಸುರಿಯುವುದೇ ಎನ್ನುವವರಿಗೆ ಹೇಳುವುದಿಷ್ಟೇ: ಅದು ಕೆಲವೇ ಕೊಡಗಳ ನೀರು.

ಆದರೆ ಹೊಣೆ ಬರೀ ಊರವರದ್ದಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಪ್ರಶಸ್ತಿ ಸಮಾರಂಭಕ್ಕೆ ಬಂದು ಬಯಲಲ್ಲಿ ಕೂತವರಲ್ಲಿ 14 ಜನ ಬಿಸಿಲಿಗೆ ಬಲಿಯಾದರು. 2024ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಜಾರ್ಖಂಡಿನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ 10 ಕಿಲೋಮೀಟರ್ ಓಟದ ವೇಳೆ ಹತ್ತಕ್ಕೂ ಹೆಚ್ಚು ಯುವಕರು ಸತ್ತರು. ಆ ಎಲ್ಲ ಸಾವುಗಳಿಗೂ ಶಾಖವೊಂದೇ ಕಾರಣವೆಂದು ಹೇಳುವಂತಿಲ್ಲ. ಸಾವಿರಾರು ಜನರನ್ನು ಓಡಿಸುವ ಮೈದಾನದಲ್ಲಿ ತಣಿಸುವ ತೊಟ್ಟಿ ಇರಲೇಬೇಕು ಎಂಬುದನ್ನಂತೂ ಅವು ಸಾರುತ್ತವೆ. ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆ 2024ರಲ್ಲಿ ಶಾಖಾಘಾತಕ್ಕೆಂದೇ ಘಟಕ ತೆರೆದು ಮುಳುಗಿಸುವ ತೊಟ್ಟಿ, ಬರ್ಫ ಮಾಡುವ ಯಂತ್ರಗಳನ್ನು ಇಟ್ಟಿತು. ಅದೇ ಬೇಸಿಗೆಯಲ್ಲಿ ಅಮೆರಿಕದ ಮರುಭೂಮಿ ನಗರ ಫೀನಿಕ್ಸ್‌ನ ಅಗ್ನಿಶಾಮಕ ದಳ ರೋಗಿಯನ್ನು ಬರ್ಫ ತುಂಬಿದ ಚೀಲದಲ್ಲಿ ಮಲಗಿಸಿ ಆಂಬುಲೆನ್ಸ್ ಒಳಗೇ ತಣಿಸತೊಡಗಿತು. ಇವ್ಯಾವೂ ವಿಜಯಪುರದ ಕೈಗೆ ಎಟುಕದವಲ್ಲ. ಡಿಸೆಂಬರ್‌ನಲ್ಲಿ ನಗರದಲ್ಲಿ ನಡೆಯುವ ವೃಕ್ಷೋಥಾನ್ ಓಟದಂಥ ಚಳಿಗಾಲದ ಕಾರ್ಯಕ್ರಮಕ್ಕೂ ಈ ಸಿದ್ಧತೆ ಬೇಕು, ಯಾಕೆಂದರೆ ದೂರದ ಓಟದಲ್ಲಿ ಮೈಯೊಳಗಿನ ಶಾಖ ಹೊರಗಿನ ಚಳಿಯನ್ನು ಕೇಳುವುದಿಲ್ಲ.

ಆದ್ದರಿಂದ ಈ ಬೇಸಿಗೆ ಶುರುವಾಗುವ ಮುನ್ನ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ತೊಟ್ಟಿ, ಒಂದು ತಾಡಪತ್ರಿ, ಒಂದು ಬರ್ಫದ ಪೆಟ್ಟಿಗೆ, ಗುದದ ತಾಪ ಅಳೆಯುವ ಒಂದು ಥರ್ಮಾಮೀಟರ್ ಇರಲಿ. ಜಾತ್ರಾ ಕಮಿಟಿಯವರು, ಸೈಕಲ್ ತರಬೇತುದಾರರು, ಪಾದಯಾತ್ರಿಗಳಿಗೆ ದಾರಿಯಲ್ಲಿ ಅನ್ನ ನೀರು ಕೊಡುವ ಪುಣ್ಯವಂತರು, ಒಣದ್ರಾಕ್ಷಿ ಶೆಡ್ಡಿನ ಮಾಲೀಕರು ಇದೇ ಸಾಮಾನನ್ನು ತಮ್ಮ ಹತ್ತಿರವೂ ಇಟ್ಟುಕೊಳ್ಳಲಿ, ಥರ್ಮಾಮೀಟರ್ ಇಲ್ಲದಿದ್ದರೂ ನಡೆದೀತು. ಆಶಾ ಕಾರ್ಯಕರ್ತೆಯರಿಗೂ ತೋಟದ ಮೇಸ್ತ್ರಿಗಳಿಗೂ ಒಮ್ಮೆ ತಾಡಪತ್ರಿ ಹಿಡಿದು ಮಾಡಿ ತೋರಿಸಿ. ಇದನ್ನು ಓದುತ್ತಿರುವವರು ಇವತ್ತೇ ನಿಮ್ಮ ತೋಟದ ಆಳುಗಳಿಗೆ, ಮನೆಯ ಹುಡುಗರಿಗೆ ಹೇಳಿಬಿಡಿ: ಬಿಸಿಲಲ್ಲಿ ದುಡಿಯುತ್ತ ಯಾರಾದರೂ ಬಿದ್ದು ತಪ್ಪುತಪ್ಪು ಮಾತಾಡಿದರೆ ಮೊದಲು ನೀರು, ಆಮೇಲೆ ಗಾಡಿ.